ಏಣಿ ಇಳಿದು ನಗುತ್ತಿದ್ದವರು

ನಮ್ಮ ಮನೆಯವರಿಗೆ ನಗು ಬಂದರೆ ಏಣಿ ಇಳಿಯುತ್ತಿದ್ದರು. ಹೊಸಪೇಟೆಯಲ್ಲಿ ಅವರದು ಬೋರ್ಡು ಬರೆಯುವ ಕೆಲಸ. ಅಂಗಡಿಯ ನೆತ್ತಿಯ ಮೇಲಿನ ತಗಡಿಗೆ ಅಕ್ಷರ ಬರೆಯುತ್ತಿರುವಾಗ ಕೆಳಗಿನಿಂದ ಯಾರಾದರೂ ತಮಾಷೆಯ ಮಾತು ಎಸೆದರೆ, ಇಲ್ಲವೆ ಅವರಿಗೇ ಒಂದು ಹೊಳೆದರೆ, ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು, ಒಂದೊಂದೇ ಮೆಟ್ಟಿಲು ಇಳಿದು, ನೆಲಕ್ಕೆ ಕಾಲು ತಾಗಿದ ಮೇಲೆ ಸೊಂಟ ಹಿಡಿದುಕೊಂಡು ನಗುತ್ತಿದ್ದರು. ಮುಗಿದ ಮೇಲೆ ಕಣ್ಣೊರೆಸಿಕೊಂಡು ಮತ್ತೆ ಹತ್ತುತ್ತಿದ್ದರು.

“ಏಣಿ ಮ್ಯಾಲ ನಕ್ರ ಅಕ್ಷರ ಕೆಡ್ತಾವು, ತಡ್ಕೊಂಡ್ರ ಹೊಟ್ಟಿ ಕೆಡ್ತೈತಿ. ಅದಕ್ಕ ಇಳೀತೀನಿ” ಎನ್ನುತ್ತಿದ್ದರು.

ಅವರು ಇಳಿಯತೊಡಗಿದರೆ ಸಾಕು, ಬೀದಿಯ ಜನ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು. ಯಾವ ಮಾತಿಗೆ ನಗು ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದರೂ ಅವರು ನೆಲ ಮುಟ್ಟುವ ಮೊದಲೇ ಅರ್ಧ ಬೀದಿ ನಕ್ಕಿರುತ್ತಿತ್ತು. ಒಂದು ದಿನದ ಬೋರ್ಡು ಎರಡು ದಿನವಾಗುತ್ತಿತ್ತು. ಬೇರೆ ಕಡೆ ಬರೆಸೋಣ ಎಂದು ಸಿಟ್ಟಿನಿಂದ ಹೋದವರು ಮತ್ತೆ ಬರುತ್ತಿದ್ದರು. ಊರು ತಿಮ್ಮಣ್ಣ ಎಂದು ಕರೆಯುತ್ತಿದ್ದ ಇವರ ಅಕ್ಷರಕ್ಕೆ ನೆಟ್ಟಗೆ ನಿಂತು ಊರನ್ನು ನೋಡುವ ಗತ್ತು ಇತ್ತು.

ಕಾಲುವೆಯ ನೀರು ಬಂದು ಊರಿಗೆ ಹೊಸ ಚರ್ಮ ಬಂದಿದ್ದ ಕಾಲ. ಕಬ್ಬು ಬೆಳೆದವರು ಟ್ರ್ಯಾಕ್ಟರ್ ಕೊಂಡರು, ಭತ್ತ ಬೆಳೆದವರು ರೈಸ್ ಮಿಲ್ಲು ಹಾಕಿದರು, ಅದಿರಿನ ಲಾರಿಗಳು ಸಂಡೂರಿನಿಂದ ಕೆಂಪು ಧೂಳು ಹೊತ್ತು ತಂದು ನಮ್ಮ ಮನೆಯ ಪಾತ್ರೆಗಳ ಮೇಲೆ ಇಳಿಸಿ ಹೋದವು. ಎಲ್ಲರಿಗೂ ಬೋರ್ಡು ಬೇಕು. ಹೆಸರು ದೊಡ್ಡದಾಗಿ ಬೇಕು, ಪಕ್ಕದವನದಕ್ಕಿಂತ ದೊಡ್ಡದಾಗಿ ಬೇಕು. ಒಬ್ಬರು ಹೊಸ ಟ್ರೇಲರಿನ ಹಿಂದೆ ಅಜ್ಜನ ಹೆಸರು, ಅಪ್ಪನ ಹೆಸರು, ತಮ್ಮದು, ಮೂರು ಮಕ್ಕಳದು, ಕೊನೆಗೆ ಮನೆದೇವರದು ಬರೆಸಲು ಬಂದರು.

“ಗೌಡ್ರ, ಇಷ್ಟು ಮಂದಿ ಹತ್ತಿದ್ರ ಕಬ್ಬು ಎಲ್ಲಿ ಹೇರ್ತೀರಿ?” ಎಂದು ಕೇಳಿದರು ನಮ್ಮ ಮನೆಯವರು.

“ನೀ ಬರಿಯೋ ಮಾರಾಯ. ಜಾಗ ಸಾಲದಿದ್ರ ದೇವ್ರನ್ನ ಸಣ್ಣಾಗಿ ಬರಿ.”

“ಅದೂ ಖರೇನರಿ. ದೇವ್ರ ಕಣ್ಣು ಭಾಳ ಚುರುಕು, ಸಣ್ಣ ಅಕ್ಷರಾನೂ ಓದ್ತಾನ. ನಿಮ್ಮ ಬೀಗ್ರಿಗೆ ದೊಡ್ಡದು ಬೇಕು.”

ಟ್ರೇಲರಿಗೆ ಏಣಿ ಬೇಕಿರಲಿಲ್ಲ. ಅವತ್ತು ನಿಂತಲ್ಲೇ ಕೂತು ನಕ್ಕರು.

ಅವರ ಇನ್ನೊಂದು ಅಭ್ಯಾಸ ಬಣ್ಣ ಸೋಸುವುದು. ಮುಚ್ಚಳ ಸರಿಯಾಗಿ ಬೀಳದ ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟುತ್ತದೆ, ಕೆನೆ ಒಡೆದು ಗಂಟಾಗುತ್ತದೆ, ಒಂದು ಗಂಟಿಗೆ ಇನ್ನೊಂದು ಅಂಟುತ್ತದೆ. ನನ್ನ ಹಳೆಯ ನೂಲಿನ ಸೀರೆಗಳೆಲ್ಲ ಬಣ್ಣ ಸೋಸುವ ಬಟ್ಟೆಯಾಗಿಯೇ ಮುಗಿದವು. “ಗಂಟು ಬಿದ್ದ ಬಣ್ಣದಾಗ ಬರದ್ರ ಅಕ್ಷರಕ್ಕ ಮೊಡವಿ ಏಳ್ತಾವು ಗಂಗೂ” ಎನ್ನುತ್ತ ಹಿತ್ತಲಲ್ಲಿ ಕೂತು ಬಟ್ಟೆಯನ್ನು ಹಿಂಡುತ್ತಿದ್ದರು. ಆ ಮಾತು ಮುಂದೆ ನಮಗೆ ಬೇರೆ ಕಡೆ ಬೇಕಾಗುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ನಾನು ಅವರಷ್ಟು ನಗುವವಳಲ್ಲ. ಮಗಳು ಪದ್ಮಾ ಮದುವೆಯ ವಯಸ್ಸಿಗೆ ಬಂದ ಮೇಲಂತೂ ನನಗೆ ಅವರ ನಗುವಿನದೇ ಚಿಂತೆ. ಗಂಡಿನ ಕಡೆಯವರು ವಿಚಾರಿಸಲು ಬಂದರೆ ಹುಡುಗಿಯ ಅಪ್ಪ ಬೀದಿಯಲ್ಲಿ ಸೊಂಟ ಹಿಡಿದುಕೊಂಡು ನಿಂತಿರುತ್ತಾರೆ. ಒಂದು ದಿನ ಕೈ ಮುಗಿದು ಹೇಳಿದೆ: “ಮಗಳು ದೊಡ್ಡಾಕಿ ಆಗ್ಯಾಳ. ಇನ್ನಾದ್ರೂ ಒಂದಿಷ್ಟು ಗಂಭೀರ ಇರ್ರಿ.”

“ಆಗ್ಲಿ, ನೋಡೂಣು” ಎಂದರು.

ಅದಾಗಿ ಕೆಲವು ತಿಂಗಳಿಗೆ ಗೊಬ್ಬರದಂಗಡಿಯ ವೀರೇಶಪ್ಪನವರ ಬೋರ್ಡು ಬರೆದರು. ಉದ್ದನೆಯ ಬೋರ್ಡು. ಮೊದಲ ಅಕ್ಷರ ರೊಟ್ಟಿಯಷ್ಟು ದೊಡ್ಡದಾಗಿ ಶುರುವಾಯಿತು, ಮುಂದೆ ಮುಂದೆ ಕುಗ್ಗುತ್ತ ಹೋಗಿ ‘ಮಾರಾಟ ಮಳಿಗೆ’ಗೆ ಬರುವಷ್ಟರಲ್ಲಿ ಚಕ್ಕುಲಿಯಷ್ಟಾಯಿತು. ವೀರೇಶಪ್ಪ ರಸ್ತೆಯ ಆಚೆ ಹೋಗಿ ನಿಂತು ನೋಡಿದರು.

“ಏನಲೇ ತಿಮ್ಮಣ್ಣಾ, ಗೊಬ್ಬರದ ಅಂಗಡಿ ಬೋರ್ಡು ಇದು. ಮುಂದ ಮುಂದ ಬೆಳೀಬೇಕು. ನಿನ್ನ ಅಕ್ಷರ ಒಣಗಿ ಹೊಂಟಾವಲ್ಲೋ!”

ನಮ್ಮ ಮನೆಯವರು ಬೋರ್ಡು ನೋಡಿದರು, ಕೈ ನೋಡಿಕೊಂಡರು, ಇಳಿದು ಬಂದು ನಕ್ಕರು. ಏಣಿ ಇಳಿದು ನಕ್ಕದ್ದು ಅದೇ ಕೊನೆ. ಇಳಿಯುವಾಗ ಕಾಲು ಮೆಟ್ಟಿಲು ಹುಡುಕುತ್ತಿತ್ತು ಎಂದು ಆಮೇಲೆ ವೀರೇಶಪ್ಪನೇ ಹೇಳಿದರು.

ಬಣ್ಣ ಉಳಿಸುತ್ತಾನೆ ಎಂದರು ಕೆಲವರು. ವಯಸ್ಸಾಯಿತು, ಕಣ್ಣು ಹೋಗಿದೆ ಎಂದರು ಕೆಲವರು. “ಕೈ ಕಂಜೂಸ್ ಆಗೇತಿ” ಎಂದರು ಅವರೇ. ಸುಣ್ಣದ ದಾರ ಹೊಡೆದು ಮೇಲೊಂದು ಕೆಳಗೊಂದು ಗೆರೆ ಹಾಕಿಕೊಂಡರೆ ಅಕ್ಷರ ಕುಗ್ಗುತ್ತಿರಲಿಲ್ಲ. ಗೆರೆಯ ಬಲದಲ್ಲಿ ಒಂದು ವರ್ಷ ನೂಕಿದರು. ಆಮೇಲೆ ಏಣಿಯೂ ಬ್ರಷ್ಷೂ ಹಿತ್ತಲಿನ ಗೋಡೆಗೆ ಒರಗಿದವು.

ಅಷ್ಟರಲ್ಲಿ ಅವರ ಮುಖ ನಿಂತುಹೋಗಿತ್ತು. ಬೇರೆ ಹೇಗೆ ಹೇಳಲಿ? ಗಡಿಯಾರ ನಿಂತ ಹಾಗೆ. ನಾನು ಮಾತಾಡಿದರೆ ನನ್ನ ಕಡೆ ತಿರುಗುತ್ತಿತ್ತು, ಅಷ್ಟೆ. ನನಗೆ ಅನ್ನಿಸಿದ್ದು ಒಂದೇ: ಗಂಭೀರ ಇರಿ ಎಂದಿದ್ದಕ್ಕೆ ಹಟ ಹಿಡಿದಿದ್ದಾರೆ. ನಾನೂ ಮಾತು ಕಡಿಮೆ ಮಾಡಿದೆ. ಒಂದೇ ಮನೆಯಲ್ಲಿ ಎರಡು ವರ್ಷ ನಾನೊಬ್ಬಳೇ ಜಗಳವಾಡಿದೆ.

ಊರು ನನ್ನಷ್ಟು ದಡ್ಡತನ ಮಾಡಲಿಲ್ಲ. ಅದಕ್ಕಿಂತ ಹೆಚ್ಚು ಮಾಡಿತು.

ಕಾಲುವೆಯ ನೀರಿನ ಪಾಳಿಗಾಗಿ ಬಡಿದಾಡುತ್ತಿದ್ದ ಅಣ್ಣತಮ್ಮಂದಿರಿಬ್ಬರು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ತೂಬಿನ ಪಕ್ಕ ಬೋರ್ಡು ನೆಡಬೇಕು, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ನೀರು ತನ್ನದು ಎಂದು ಬರೆಯಬೇಕು ಎಂದು ಅಣ್ಣ ಹೇಳಿದ. ಅದರ ಎದುರಿಗೆ ತನ್ನದೊಂದು ಬೇಕೆಂದು ತಮ್ಮ ಹೇಳಿದ. ಬೋರ್ಡು ಬರೆಯುವುದು ಬಿಟ್ಟಿದ್ದಾರೆ ಎಂದು ನಾನು ಹೇಳುವ ಮೊದಲೇ ನಮ್ಮ ಮನೆಯವರು ಬಾಯಿ ಬಿಟ್ಟರು. ದನಿ ಆಗಲೇ ಬಾವಿಯ ತಳದಿಂದ ಬಂದ ಹಾಗೆ ಬರುತ್ತಿತ್ತು.

“ತಗಡ್ಯಾಕ? ನೀರಿನ ಮ್ಯಾಲ ಹೆಸರು ಬರಸ್ರಿ. ಇಬ್ರದೂ ನಾನ ಬರದು ಕೊಡ್ತೀನಿ.”

ಇದು ತಮಾಷೆ. ಐದು ವರ್ಷದ ಹಿಂದೆ ಹೇಳಿದ್ದರೆ ಅಣ್ಣತಮ್ಮಂದಿರು ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಗುತ್ತಿದ್ದರು. ಆದರೆ ಈಗ ಹೇಳಿದ ಮುಖ ಕಲ್ಲಿನಂತೆ, ಕಣ್ಣು ಮಿಟುಕದೆ, ಅವರನ್ನೇ ನೋಡುತ್ತಿತ್ತು. ಅಣ್ಣನ ಕಣ್ಣಲ್ಲಿ ನೀರು ಬಂತು. ತಮ್ಮ ಅಣ್ಣನ ಕಾಲಿಗೆ ಬಿದ್ದ. ನಮ್ಮ ಮನೆಯವರು ಇಬ್ಬರನ್ನೂ ಪಿಳಿಪಿಳಿ ನೋಡಬೇಕಿತ್ತು, ಆದರೆ ಅವರ ರೆಪ್ಪೆಗೆ ಅದೂ ಆಗುತ್ತಿರಲಿಲ್ಲ.

ತಿಮ್ಮಣ್ಣ ವೇದಾಂತ ಹೇಳಿದರಂತೆ ಎಂಬ ಸುದ್ದಿ ಸಂಜೆಯೊಳಗೆ ವೀರೇಶಪ್ಪನವರ ಅಂಗಡಿ ಮುಟ್ಟಿತು. ಅವರು ಆಗ ತಾನೇ ಕಾಲುವೆ ರೈತರದೊಂದು ಸಮಿತಿ ಕಟ್ಟಿದ್ದರು. ಅಧ್ಯಕ್ಷರು ಸಿಕ್ಕಿರಲಿಲ್ಲ. ಹೊಲ ಇದ್ದವರು ಅಧ್ಯಕ್ಷರಾದರೆ ನೀರು ಅವರ ಹೊಲಕ್ಕೇ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ತಾವಾಗಿದ್ದರೆ ಹಾಗೇ ಮಾಡುತ್ತಿದ್ದರು. ನಮಗೆ ಗೇಣು ಹೊಲವಿರಲಿಲ್ಲ. ಮರುದಿನ ವೀರೇಶಪ್ಪ ತೆಂಗಿನಕಾಯಿ, ಶಾಲು ಹಿಡಿದುಕೊಂಡು ಬಂದರು. ತಿಮ್ಮಣ್ಣಾ, ಏನಲೇ ಎನ್ನುತ್ತಿದ್ದವರು “ತಿಮ್ಮಪ್ಪನವ್ರ” ಎಂದು ಕರೆದರು.

“ನಮ್ಮ ಅಧ್ಯಕ್ಷ್ರಾಗ್ಬೇಕ್ರಿ. ಇಲ್ಲ ಅನಬ್ಯಾಡ್ರಿ.”

ಇಲ್ಲ ಎನ್ನಲು ನಮ್ಮ ಮನೆಯವರಿಗೆ ಒಂದು ನಿಮಿಷ ಬೇಕಾಗುತ್ತಿತ್ತು. ವೀರೇಶಪ್ಪ ಅರ್ಧ ನಿಮಿಷದಲ್ಲಿ ಶಾಲು ಹೊದಿಸಿದರು.

ಆಮೇಲೆ ನೋಡಿ. ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ಮನೆ ಕೂತಾಗಲೆಲ್ಲ ಉರುಳುತ್ತಿತ್ತು, ಕಾಣದ ಮಣಿಯನ್ನು ಎಣಿಸುವ ಹಾಗೆ. ಅಧ್ಯಕ್ಷರು ಸದಾ ಜಪದಲ್ಲಿರುತ್ತಾರೆ ಎಂದರು ಜನ. ಬಾಗಿಲ ಹತ್ತಿರ ಬಂದರೆ ಅವರ ಕಾಲು ನೆಲಕ್ಕೆ ಅಂಟಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ಬಿಡುತ್ತಿತ್ತು. ಹೊಸ್ತಿಲಿಗೆ ಮನಸ್ಸಿನಲ್ಲೇ ನಮಸ್ಕರಿಸಿ ಒಳಗೆ ಬರುತ್ತಾರೆ ಎಂದರು. ಹೆಜ್ಜೆ ಸಣ್ಣಸಣ್ಣದಾಗಿ ತೆವಳುತ್ತಿತ್ತು. ಇರುವೆ ತುಳಿಯಬಾರದು ಎನ್ನುವ ಕರುಣೆ ಎಂದರು. ಒಮ್ಮೆ ಸಭೆಯಲ್ಲಿ ಮೂಗಿನ ಮೇಲೆ ನೊಣ ಕೂತು ಭಾಷಣ ಮುಗಿಯುವವರೆಗೂ ಏಳಲಿಲ್ಲ. ಅವತ್ತು ಇಬ್ಬರು ಹೆಂಗಸರು ಮಕ್ಕಳನ್ನು ಕರೆತಂದು ಕಾಲಿಗೆ ಹಾಕಿದರು.

ನಾನು ಏನು ಮಾಡುತ್ತಿದ್ದೆ ಎಂದು ಕೇಳಬಹುದು. ಮುಂದಿನ ಸಾಲಿನಲ್ಲಿ ಕೂತಿದ್ದೆ. ‘ಅಧ್ಯಕ್ಷರ ಮನೆಯವರು’ ಎಂದು ಜಾಗ ಬಿಡಿಸಿಕೊಡುತ್ತಿದ್ದರು. ಇಪ್ಪತ್ತು ವರ್ಷ ಬಣ್ಣದ ವಾಸನೆಯ ಸೀರೆ ಉಟ್ಟವಳಿಗೆ ಅದು ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಕೇಳಿದರು: “ಗಂಗೂ, ನಾ ಜೋಕ್ ಹೇಳಿದ್ರ ಮಂದಿ ಕೈ ಮುಗೀತಾರ. ಏನಾಗೇತಿ ನನಗ?”

“ಏನೂ ಆಗಿಲ್ಲ. ದೊಡ್ಡ ಮನಷ್ಯಾ ಆಗೀರಿ” ಎಂದೆ. ತುತ್ತು ಕೈಯಲ್ಲೇ ನಡುಗುತ್ತಿತ್ತು. ನಾನು ಅದನ್ನೂ ನೋಡಿದೆ, ಸಾರು ಬಡಿಸಿದೆ.

ಕಣ್ಣಿದ್ದದ್ದು ಪದ್ಮಾಗೆ. ಅಪ್ಪನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ, ಜಪ ಮಾಡುವವರಿಗೆ ಗುಂಡಿ ಯಾಕೆ ಬರುವುದಿಲ್ಲ ಎಂದು ನನ್ನನ್ನೇ ಕೇಳಿದಳು. ಹಟ ಮಾಡಿ ಇಬ್ಬರನ್ನೂ ಬಳ್ಳಾರಿಯ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಮುಷ್ಟಿ ಕಟ್ಟಿ ಬಿಚ್ಚಿ ಎಂದರು, ನಡೆದು ತಿರುಗಿ ಬನ್ನಿ ಎಂದರು, ಕಾಗದ ಕೊಟ್ಟು ಒಂದು ವಾಕ್ಯ ಬರೆಸಿದರು. ಕಾಗದದ ಮೇಲೂ ಅಕ್ಷರ ರೊಟ್ಟಿಯಿಂದ ಚಕ್ಕುಲಿಗೆ ಇಳಿಯಿತು. ಸಮಿತಿ, ಶಾಲು, ಜಪ ಎಲ್ಲವನ್ನೂ ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಪೂರ್ತಿ ಕೇಳಿ, “ಅಮ್ಮಾ, ಇದು ದೊಡ್ಡಸ್ತಿಕೆ ಅಲ್ಲ. ಕಾಯಿಲೆ” ಎಂದರು.

ಮಿದುಳಿನ ನಡುವೆ ಒಂದು ಸಣ್ಣ ಜಾಗ ಇದೆಯಂತೆ. ಕೈ, ಕಾಲು, ಮುಖ ಸರಾಗವಾಗಿ ಆಡಲು ಬೇಕಾದ ರಸ ಅಲ್ಲಿ ತಯಾರಾಗುತ್ತದಂತೆ. ಆ ರಸ ಮಾಡುವ ಕಣಗಳ ಒಳಗೆ ಏನೋ ಗಂಟುಗಂಟಾಗಿ ಸೇರಿಕೊಳ್ಳುತ್ತದೆ, ಕಣಗಳು ಒಂದೊಂದಾಗಿ ಸಾಯುತ್ತವೆ, ರಸ ಕಡಿಮೆಯಾಗುತ್ತದೆ. ಮನಸ್ಸು ಹೇಳಿದ್ದು ಮುಖಕ್ಕೆ ಮುಟ್ಟುವುದಿಲ್ಲ.

ನಮ್ಮ ಮನೆಯವರು ಬಾಯಿ ಬಿಡಲು ಸಮಯ ತೆಗೆದುಕೊಂಡರು. ಆ ಡಾಕ್ಟರು ಕಾದರು. ಕಾದವರನ್ನು ನಾನು ಬಹಳ ದಿನದ ಮೇಲೆ ನೋಡಿದೆ.

“ಬಣ್ಣ ಗಂಟು ಬಿದ್ದೈತಿ ಅನ್ರಿ. ಸೋಸಾಕ ಬರಂಗಿಲ್ಲೇನು?”

“ಇದನ್ನ ಸೋಸೋ ಬಟ್ಟೆ ಇನ್ನೂ ಯಾರೂ ನೇಯ್ದಿಲ್ಲ ತಿಮ್ಮಣ್ಣ. ಗುಳಿಗೆ ಕೊಡ್ತೀನಿ. ಗಂಟು ಕರಗೋದಿಲ್ಲ. ಆದ್ರೆ ನುಂಗಿದ ಮೇಲೆ ಮೂರು ನಾಲ್ಕು ತಾಸು ಮೈ ಸಡಿಲ ಆಗುತ್ತೆ.”

“ಅಂದ್ರ ಬಣ್ಣಕ್ಕ ಹಾಕೂ ಟರ್ಪೆಂಟೈನು.”

ಡಾಕ್ಟರು ಜೋರಾಗಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಇವರೂ ಈಗ ನಗ್ತಾ ಇದಾರೆ, ಗೊತ್ತೇನಮ್ಮ?” ಎಂದರು. ನಾನು ನೋಡಿದೆ. ಬರೆಯದ ತಗಡು. “ಮುಖ ನೋಡಬೇಡಿ. ಹೊಟ್ಟೆ ಮೇಲೆ ಕೈ ಇಡಿ.”

ಪರರ ಮುಂದೆ ಹಾಗೆ ಗಂಡನನ್ನು ಮುಟ್ಟಿದವಳಲ್ಲ ನಾನು. ಪದ್ಮಾ ನನ್ನ ಕೈ ಹಿಡಿದು ಇಟ್ಟಳು. ಅಂಗಿಯ ಒಳಗೆ ಹೊಟ್ಟೆ ಕುಲುಕುಲು ಅಲುಗುತ್ತಿತ್ತು. ಏಣಿಯ ಕೆಳಗೆ ನಿಂತು ನಗುತ್ತಿದ್ದಾಗ ಅಲುಗುತ್ತಿದ್ದ ಹಾಗೆಯೇ.

ವಾಪಸು ಬರುವಾಗ ತೋರಣಗಲ್ಲಿನವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಎರಡು ವರ್ಷ ಅವರು ಎಷ್ಟು ಸಲ ನಕ್ಕಿರಬಹುದು, ನಾನು ಎಷ್ಟು ಸಲ ಅದನ್ನು ಸಿಟ್ಟು ಎಂದು ಎದ್ದು ಒಳಗೆ ಹೋಗಿರಬಹುದು.

ಗುಳಿಗೆ ಕೆಲಸ ಮಾಡಿತು. ನುಂಗಿ ಮುಕ್ಕಾಲು ತಾಸಿಗೆ ಮುಖದಲ್ಲಿ ಮೊದಲು ಹುಬ್ಬು ಏಳುತ್ತಿತ್ತು, ಆಮೇಲೆ ಬಾಯಿಯ ಮೂಲೆ. ನಮ್ಮ ಮನೆಯಲ್ಲಿ ನಗುವಿಗೆ ಪಾಳಿ ಬಂತು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು. “ತೂಬು ತೆಗದ್ರು ನೋಡವ್ವ” ಎಂದು ಪದ್ಮಾ ಓಡಿ ಬರುತ್ತಿದ್ದಳು. ಅಪ್ಪ ಮಗಳು ಆ ಮೂರು ತಾಸಿನಲ್ಲಿ ಇಡೀ ದಿನದ್ದು ಮಾತಾಡಿ ಮುಗಿಸುತ್ತಿದ್ದರು.

ಸಮಿತಿಯ ಹೊಸ ಸಭಾಭವನದ ಉದ್ಘಾಟನೆ ಬೆಳಿಗ್ಗೆ ಹತ್ತಕ್ಕೆ ಇತ್ತು. ಪಾಳಿಯ ಹೊತ್ತು. ಬಂದ ಅತಿಥಿಗಳು ಕಾಲುವೆಯ ನೀರು ನಮ್ಮೆಲ್ಲರ ಪುಣ್ಯದ ಫಲ ಎಂದು ಒಂದು ತಾಸು ಮಾತಾಡಿ, ಭವನಕ್ಕೆ ಹಾಕಿಸಿದ ನಲ್ಲಿಯನ್ನು ವೇದಿಕೆಯ ಮೇಲೇ ಉದ್ಘಾಟಿಸಲು ಎದ್ದರು. ನಲ್ಲಿಗೂ ಹಾರ ಹಾಕಿದ್ದರು. ತಿರುವಿದರು. ಬುಸ್ ಎಂದು ಗಾಳಿ ಬಂತು. ಮತ್ತೆ ತಿರುವಿದರು. ಮತ್ತೆ ಬುಸ್. ಅತಿಥಿಗಳು ಏನು ಮಾಡುವುದೆಂದು ತಿಳಿಯದೆ ನಲ್ಲಿಗೆ ಕೈ ಮುಗಿದರು. ಜನ ಚಪ್ಪಾಳೆ ತಟ್ಟಿದರು.

ಅಧ್ಯಕ್ಷರು ಕುರ್ಚಿಯಿಂದ ಎದ್ದರು. ವೇದಿಕೆಗೆ ನಾಲ್ಕು ಮೆಟ್ಟಿಲು. ಒಂದೊಂದೇ ಇಳಿದರು. ನೆಲಕ್ಕೆ ಕಾಲು ತಾಗಿದ ಮೇಲೆ ಸೊಂಟ ಹಿಡಿದುಕೊಂಡು, ಐದು ವರ್ಷದ್ದು ಒಟ್ಟಿಗೆ ಎಂಬಂತೆ ನಕ್ಕರು.

ಅಷ್ಟು ಜನರಲ್ಲಿ ಯಾರೂ ನಗಲಿಲ್ಲ. ಪದ್ಮಾ ಒಬ್ಬಳ ನಗು ಹಿಂದಿನಿಂದ ಕೇಳಿಸಿತು. ನನ್ನ ಪಕ್ಕದ ಹೆಂಗಸು ನನ್ನ ತೋಳು ಹಿಡಿದು, “ಅಯ್ಯೋ ಪಾಪ, ಅಧ್ಯಕ್ಷ್ರಿಗೆ ಏನೋ ಆಗೇತಿ” ಎಂದಳು. ಕಾಯಿಲೆ ಬಂದು ಅಷ್ಟು ವರ್ಷವಾಗಿತ್ತು. ಊರಿಗೆ ಅದು ಗೊತ್ತಾದದ್ದು ಅವರು ಚೆನ್ನಾಗಿದ್ದ ದಿನ.

ಮರುದಿನ ವೀರೇಶಪ್ಪ ನಾಲ್ಕು ಜನರೊಂದಿಗೆ ಮನೆಗೆ ಬಂದರು.

“ಅಕ್ಕಾರ, ಮೊದ್ಲು ಎಷ್ಟು ಚಲೋ ಇದ್ರು! ಆ ಗುಳಿಗಿ ನುಂಗಾಕ ಹತ್ತಿದ ಮ್ಯಾಗ ಕೆಟ್ಟಾರ ನೋಡ್ರಿ. ನಿಲ್ಲಿಸಿಬಿಡ್ರಿ ಅದನ್ನ.”

“ಅದನ್ನ ನಿಲ್ಲಿಸಿದ್ರ ಮೈ ಕಟ್ಟಿಗಿ ಆಗ್ತೈತ್ರಿ” ಎಂದೆ.

“ಆಗ್ಲಿ ಬಿಡ್ರಿ. ಅದರಾಗ ಒಂದು ತೇಜಸ್ಸು ಇತ್ತು.”

ನನ್ನ ಮೊಮ್ಮಗಳು ಈಗ ನರ್ಸಿಂಗ್ ಓದುತ್ತಾಳೆ. ಆ ಗಂಟು ಏನೆಂದು ಅವಳೇ ನನಗೆ ಬಿಡಿಸಿ ಹೇಳಿದ್ದು. ಅದೊಂದು ಪ್ರೋಟೀನಂತೆ, ಎಲ್ಲರ ತಲೆಯಲ್ಲೂ ಇರುತ್ತದಂತೆ. ಅದು ತಪ್ಪಾಗಿ ಮಡಚಿಕೊಂಡರೆ ಪಕ್ಕದ್ದಕ್ಕೆ ಅಂಟುತ್ತದೆ. ಅಂಟಿ ಸುಮ್ಮನಿರುವುದಿಲ್ಲ, ಸರಿಯಾಗಿದ್ದ ಅದಕ್ಕೂ ತನ್ನ ತಪ್ಪು ಮಡಿಕೆಯನ್ನೇ ಕಲಿಸುತ್ತದೆ. ಅದು ಮುಂದಿನದಕ್ಕೆ ಕಲಿಸುತ್ತದೆ. ಹೀಗೆ ಗಂಟು ಬೆಳೆಯುತ್ತದೆ. ಮೊದಲನೆಯದು ಯಾಕೆ ತಪ್ಪಿತು ಎನ್ನುವುದು ಇನ್ನೂ ಪೂರ್ತಿ ಗೊತ್ತಿಲ್ಲವಂತೆ. “ತಿಳೀತಾ ಅಜ್ಜೀ?” ಎಂದಳು. ತಿಳಿಯದೆ ಏನು? ಅಣ್ಣತಮ್ಮಂದಿರು ವೀರೇಶಪ್ಪನಿಗೆ ಹೇಳಿದರು, ವೀರೇಶಪ್ಪ ಸಮಿತಿಗೆ ಹೇಳಿದರು, ಸಮಿತಿ ಕಂಪ್ಲಿಯವರೆಗೆ ಹೇಳಿತು. ಗಂಟು ಹೇಗೆ ಬೆಳೆಯುತ್ತದೆ ಎಂದು ನಾನು ಮುಂದಿನ ಸಾಲಿನಲ್ಲೇ ಕೂತು ನೋಡಿದ್ದೆ. ಕೊನೆಗೆ ನನಗೂ ಅಂಟಿತು. ಅದನ್ನು ಬರೆಯದೆ ಅವರ ಈ ಚಿತ್ರ ಮುಗಿಯುವುದಿಲ್ಲ.

ಕಂಪ್ಲಿಯ ರೈಸ್ ಮಿಲ್ಲಿನವರ ಮನೆಯಿಂದ ಪದ್ಮಾಗೆ ಸಂಬಂಧ ಬಂತು. ನಡುವೆ ಓಡಾಡಿದವರು ವೀರೇಶಪ್ಪನೇ. ಹುಡುಗ ಒಳ್ಳೆಯವನು, ಪದ್ಮಾಗೂ ಮನಸ್ಸಿತ್ತು.

“ಒಂದು ಮಾತು ಅಕ್ಕಾರ” ಎಂದರು ವೀರೇಶಪ್ಪ. “ಅವ್ರು ಹುಡುಗಿ ನೋಡಾಕ ಬರೂದಿಲ್ಲ, ಹುಡುಗಿ ಅಪ್ಪನ್ನ ನೋಡಾಕ ಬರ್ತಾರ. ಅಂಥಾ ಗಂಭೀರ ಮನಷ್ಯಾರ ಮನಿತನ ಅಂತ ನಾ ಹೇಳೀನಿ. ಅವತ್ತೊಂದಿನ ಗುಳಿಗಿ ಬ್ಯಾಡ.”

“ಅವ್ವಾ, ಅಪ್ಪನ ಗುಳಿಗಿ ತಪ್ಪಿಸಬ್ಯಾಡ” ಎಂದಳು ಪದ್ಮಾ. ಅವಳು ಸೀರೆ ಉಡಲು ಒಳಗೆ ಹೋದಾಗ ನಾನು ಗುಳಿಗೆಯ ಶೀಶೆಯನ್ನು ಅವಲಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ಒಂದೂಕಾಲು ಗಂಟೆಗೆ ನಮ್ಮ ಮನೆಯವರು ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಮತ್ತೆ ಗಡಿಯಾರ ನೋಡಿದರು. “ಅವ್ರು ಹೋಗ್ಲಿ, ಆಮ್ಯಾಲ ಕೊಡ್ತೀನ್ರಿ” ಎಂದೆ. ಅವರು ಏನೂ ಹೇಳಲಿಲ್ಲ. ಹೇಳುವ ಹೊತ್ತು ಮುಗಿದಿತ್ತು.

ಬೀಗರು ಬಂದರು. ದೊಡ್ಡ ಮೀಸೆಯ, ಸಂಕೋಚದ ಮನುಷ್ಯ. ಬಂದವರೇ ಕಾಲು ಮುಟ್ಟಿದರು. ಅಧ್ಯಕ್ಷರು ಏಳಲಿಲ್ಲ, ಏಳಲು ಆಗುತ್ತಿರಲಿಲ್ಲ. ಬೀಗರಿಗೆ ಅದರಿಂದ ಗೌರವ ಹೆಚ್ಚಿತು. ಅವಲಕ್ಕಿ ಕೊಟ್ಟೆ, ಕಾಫಿ ಕೊಟ್ಟೆ. ನಮ್ಮ ಮನೆಯವರ ಮುಂದಿನ ಲೋಟ ಹಾಗೇ ಆರಿತು. ಕೈ ಎತ್ತಿ ಅದನ್ನು ಹಿಡಿಯುವುದು ಅವತ್ತು ಅವರಿಂದ ಆಗದ ಕೆಲಸ. ಅಧ್ಯಕ್ಷರು ಕಾಫಿ ಬಿಟ್ಟಿದ್ದಾರೆ ಎಂದು ತಿಳಿದು ಬೀಗರೂ ಬಾಯಿವರೆಗೆ ಒಯ್ದ ಲೋಟವನ್ನು ಕೆಳಗಿಟ್ಟರು. ಅವರು ಇಟ್ಟರೆಂದು ಬಂದ ಏಳು ಜನವೂ ಇಟ್ಟರು. ವೀರೇಶಪ್ಪ ಎರಡು ಗುಟುಕು ಕುಡಿದಿದ್ದರು, ತುಟಿ ಒರೆಸಿಕೊಂಡರು. ಪದ್ಮಾ ಬಂದು ನಮಸ್ಕರಿಸಿ ಅಪ್ಪನ ಮುಖ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಲೋಟ ಎತ್ತಲು ಬಗ್ಗಿದೆ.

ಮೂರು ತಾಸು. ಬಾಯಿಯ ಮೂಲೆಯಿಂದ ಜೊಲ್ಲು ಇಳಿದಾಗ ಸೆರಗಿನಿಂದ ಒರೆಸಿದೆ. ಎಂಥ ಪತಿಸೇವೆ ಎಂದರು ಬೀಗಿತ್ತಿ.

ಸಂಬಂಧ ಕೂಡಿತು. ಅವರು ಹೋದ ಕೂಡಲೇ ಗುಳಿಗೆ ಕೊಟ್ಟೆ, ಪಕ್ಕದಲ್ಲಿ ಕೂತೆ. ಮುಕ್ಕಾಲು ತಾಸಿಗೆ ಹುಬ್ಬು ಎದ್ದಿತು. ಬೈಯುತ್ತಾರೆ ಎಂದು ಕಾಯುತ್ತಿದ್ದೆ.

“ಗಂಗೂ, ಬೀಗ್ರ ಮೀಸ್ಯಾಗ ಒಂದು ಅವಲಕ್ಕಿ ಕುಂತಿತ್ತು, ನೋಡಿದಿ? ಮೂರು ತಾಸು ಅದೂ ಇಳೀಲಿಲ್ಲ, ನಾನೂ ಇಳೀಲಿಲ್ಲ.”

ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಇವತ್ತು ನಗಿ ಡಬ್ಬಿಗೆ ಮುಚ್ಚಳ ನೀನ ಹಾಕಿದ್ದಿ, ಹೌದಿಲ್ಲೋ?” ಎಂದರು.

“ಹೂಂ” ಎಂದೆ.

“ಮದಿವಿ ದಿನ ಹಾಕಬ್ಯಾಡ.”

ಹಾಕಲಿಲ್ಲ. ಮದುವೆಯ ಪಂಕ್ತಿಯಲ್ಲಿ ಅವರು ಬೀಗರ ಪಕ್ಕ ಕೂತು ಮೀಸೆಯ ಅವಲಕ್ಕಿಯ ಕತೆಯನ್ನು ಬೀಗರಿಗೇ ಹೇಳಿದರು. ಬೀಗರು ಒಂದು ಕ್ಷಣ ಮೀಸೆ ಮುಟ್ಟಿಕೊಂಡು, ಎಲೆ ಬಿಟ್ಟು ಎದ್ದು, ಪಂಕ್ತಿಯಿಂದ ಆಚೆ ಹೋಗಿ ನಕ್ಕು ಬಂದರು. “ಮೊದ್ಲ ಹೇಳಬಾರದೇನ್ರಿ! ನಮ್ಮ ಮನ್ಯಾಗ ನಗೋರು ಯಾರೂ ಇಲ್ಲ. ಅವತ್ತು ಕಾಫೀನೂ ಹೋತು” ಎಂದರು. ಅಂದರೆ ಆ ಮೂರು ತಾಸು ಯಾರಿಗೂ ಬೇಕಿರಲಿಲ್ಲ. ನನಗೆ ಮತ್ತು ವೀರೇಶಪ್ಪನವರಿಗೆ ಬೇಕಿತ್ತು.

ಆಮೇಲಿನ ವರ್ಷಗಳಲ್ಲಿ ಗುಳಿಗೆಯ ಪಾಳಿ ಕುಗ್ಗಿತು. ಮೂರು ತಾಸು ಎರಡಾಯಿತು, ಒಂದಾಯಿತು, ಅವರ ಅಕ್ಷರದ ಹಾಗೆ. ಮಾತು ನಿಂತಿತು. ಅಧ್ಯಕ್ಷಗಿರಿ ನಿಲ್ಲಲಿಲ್ಲ. ಬೇರೆಯವರನ್ನು ಮಾಡಿದರೆ ನೀರು ಅವರ ಹೊಲಕ್ಕೆ ಹೋಗುತ್ತದಲ್ಲ. ನಾನು ದಿನಾ ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು ಬೀದಿಯ ಸುದ್ದಿಯನ್ನೆಲ್ಲ ಹೇಳಿ, ಹೊಟ್ಟೆಯ ಮೇಲೆ ಕೈ ಇಡುತ್ತಿದ್ದೆ. ನನಗೆ ತಮಾಷೆ ಹೇಳಲು ಬರುವುದಿಲ್ಲ. ಹೊಟ್ಟೆ ಅಲುಗಿದ ದಿನ ಇವತ್ತು ಚೆನ್ನಾಗಿ ಹೇಳಿದೆ ಎಂದು ತಿಳಿಯುತ್ತಿದ್ದೆ.

ಕೊನೆಯ ವಾರ ವೀರೇಶಪ್ಪ ಒಂದು ಕಾಗದ ಹಿಡಿದುಕೊಂಡು ಬಂದರು. ಸಭಾಭವನಕ್ಕೆ ಅಧ್ಯಕ್ಷರ ಹೆಸರು ಇಡುವುದಾಗಿ ಹೇಳಿ, ಬೋರ್ಡಿನ ಮೇಲೆ ಬರೆಸುವುದನ್ನು ಓದಿದರು: “ಗಾಂಭೀರ್ಯವೇ ಉಸಿರಾಗಿದ್ದ ತಿಮ್ಮಪ್ಪನವರ ಸ್ಮಾರಕ ಭವನ.” ಸ್ಮಾರಕ ಎನ್ನಲು ಇವರಿನ್ನೂ ಬದುಕಿದ್ದಾರಲ್ಲ ಎಂದು ವೀರೇಶಪ್ಪನವರಿಗೆ ಹೊಳೆದಿರಲಿಲ್ಲ. ನನ್ನ ಕೈ ಹೊದಿಕೆಯ ಒಳಗೆ ಹೊಟ್ಟೆಯ ಮೇಲಿತ್ತು. ಅದು ಅಲುಗಿತು. ತಿಂಗಳಿಂದ ಅಷ್ಟು ಅಲುಗಿರಲಿಲ್ಲ.

“ಒಪ್ಪಿಗಿ ಐತಿ ಅನ್ನಸ್ತೈತಿ” ಎಂದರು ವೀರೇಶಪ್ಪ.

“ಐತ್ರಿ” ಎಂದೆ.

ಶ್ರದ್ಧಾಂಜಲಿ ಸಭೆ ಅದೇ ಭವನದಲ್ಲಿ ಆಯಿತು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಹೊಸ ಬೋರ್ಡನ್ನು ಬೇರೆ ಯಾರೋ ಬರೆದಿದ್ದರು, ಎಲ್ಲ ಅಕ್ಷರವೂ ಒಂದೇ ಅಳತೆ. ವೀರೇಶಪ್ಪ ಎದ್ದು, “ಇಂಥಾ ಮನಷ್ಯಾನ್ನ ನಾವು ಮತ್ತ ನೋಡೂದಿಲ್ಲ. ಜೀವಮಾನದಾಗ ಒಮ್ಮೆರ ನಕ್ಕವರಲ್ಲ” ಎಂದರು. ದುಃಖದಿಂದಲೇ ಹೇಳಿದರು. ಕುಡಿಯಲು ನೀರು ಬೇಕಾಯಿತು. ಪಕ್ಕದವರು ಲೋಟ ಹಿಡಿದು ವೇದಿಕೆಯ ನಲ್ಲಿ ತಿರುವಿದರು.

ಬುಸ್ ಎಂದಿತು.

ನಾನು ಎದ್ದೆ. ನಾಲ್ಕು ಮೆಟ್ಟಿಲು, ಒಂದೊಂದೇ ಇಳಿದೆ. ನೆಲಕ್ಕೆ ಕಾಲು ತಾಗಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆದರೂ ತಡೆಯಲಿಲ್ಲ, ಭುಜ ಕುಲುಕತೊಡಗಿದವು, ಕಣ್ಣಿಂದ ನೀರು ಸುರಿಯಿತು. ಮುಂದಿನ ಸಾಲಿನ ಹೆಂಗಸರೆಲ್ಲ ಎದ್ದು ಬಂದು ನನ್ನನ್ನು ಸುತ್ತುವರಿದು ಹಿಡಿದುಕೊಂಡರು.

“ಅಳ್ರಿ ಅಕ್ಕಾರ, ಅತ್ತುಬಿಡ್ರಿ. ಹಗುರಾಗ್ತೀರಿ.”

ಅವರ ಹಿಂದಿನಿಂದ ಪದ್ಮಾ ಜನರನ್ನು ಸರಿಸಿಕೊಂಡು ಬಂದಳು. ನನ್ನ ಮುಖ ನೋಡಲಿಲ್ಲ. ಸೀದಾ ಬಂದು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು.